ಕಾಫಿ ರೇಟು ಕಟ್ಟೋದು ಯಾರು? ಲಂಡನ್, ನ್ಯೂಯಾರ್ಕ್ ಮತ್ತು ನಮ್ಮ ಕಣ

ಗದ್ದೆಬಯಲು:

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಮೂಡಿಗೆರೆ ಕಡೆ ಮನೆಯವರದ್ದು ಸ್ವಲ್ಪ ಕಾಫಿ ತೋಟ ಇದೆ. ನಮ್ಮ ಪಠ್ಯದಲ್ಲಿ ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರದ ವಿಮರ್ಶಾತ್ಮಕ ಸಿದ್ಧಾಂತಗಳು ಅಂತ ಒಂದು ಭಾಗ ಬರುತ್ತದೆ. ಮಕ್ಕಳು ಪ್ರೆಬಿಷ್, ವಾಲರ್‌ಸ್ಟೈನ್, ಕಾಕ್ಸ್, ಸುಸಾನ್ ಸ್ಟ್ರೇಂಜ್ ಅಂತ ಹೆಸರುಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಾರೆ. ಅದೇ ಮಕ್ಕಳ ಅಪ್ಪಂದಿರು ಬೆಳಗ್ಗೆ ಎದ್ದ ಕೂಡಲೇ ನೋಡೋದು ಲಂಡನ್ ಟರ್ಮಿನಲ್ (ಅಲ್ಲಿನ ಕಾಫಿ ವಾಯಿದಾ ಮಾರುಕಟ್ಟೆ) ಎಷ್ಟಕ್ಕೆ ನಿಂತಿದೆ ಅಂತ. ಈ ಎರಡಕ್ಕೂ ಸಂಬಂಧ ಇದೆ ಅಂತ ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ.

ರಾಬರ್ಟ್ ಕಾಕ್ಸ್ ಅಂತ ಕೆನಡಾದ ವಿದ್ವಾಂಸರು. ವಿಶ್ವವಿದ್ಯಾಲಯಕ್ಕೆ ಬರುವ ಮೊದಲು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. 1981ರಲ್ಲಿ ಅವರು ಎರಡು ಥರದ ಯೋಚನೆಯನ್ನು ಬೇರೆ ಮಾಡಿ ತೋರಿಸಿದರು. ಒಂದು, ಇರುವ ವ್ಯವಸ್ಥೆಯನ್ನು ಹಾಗೇ ಒಪ್ಪಿಕೊಂಡು ಅದರೊಳಗಿನ ತೊಂದರೆಗೆ ಪರಿಹಾರ ಹುಡುಕೋದು. ಇನ್ನೊಂದು, ಈ ವ್ಯವಸ್ಥೆಯೇ ಹೇಗೆ ಬಂತು, ಯಾರಿಗಾಗಿ ಬಂತು, ಬದಲಾಗಬಹುದಾ ಅಂತ ಕೇಳೋದು. ಯಾವ ಸಿದ್ಧಾಂತವೂ ಗಾಳಿಯಲ್ಲಿ ಹುಟ್ಟೋದಿಲ್ಲ, ಯಾರದೋ ಪರವಾಗಿ ಯಾವುದೋ ಉದ್ದೇಶಕ್ಕೆ ಇರುತ್ತದೆ ಅನ್ನೋದು ಅವರ ವಾದ.

ಕಾಫಿಯ ವಿಷಯದಲ್ಲಿ ನಾವು ಯಾವಾಗಲೂ ಮೊದಲನೇ ಥರದಲ್ಲೇ ಮಾತಾಡುತ್ತೇವೆ. ರೇಟು ಬಿದ್ದಿದೆ, ಈಗ ಮಾರೋದಾ, ಇಟ್ಟುಕೊಳ್ಳೋದಾ? ಎರಡನೇ ಪ್ರಶ್ನೆಯನ್ನು ಇಲ್ಲಿ ಕೇಳೋಣ. ಈ ರೇಟು ಅನ್ನೋದನ್ನು ಯಾರು, ಎಲ್ಲಿ, ಯಾವ ನಿಯಮದ ಮೇಲೆ ಕಟ್ಟುತ್ತಾರೆ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: 1989ರಲ್ಲಿ ಕಾಫಿ ರಫ್ತಿನ ಕೋಟಾ ಕೈಬಿಡುವ ಒಂದು ರಾಜಕೀಯ ತೀರ್ಮಾನ ಆಯಿತು. ಇವತ್ತು ನಾವು ಮಾರುಕಟ್ಟೆ ಅಂತ ಕರೆಯೋದು ಆ ತೀರ್ಮಾನದ ಫಲ. ನೀವೆಲ್ಲ ಏನಂತೀರಿ?

ಸೋಮವಾರಪೇಟೆ ರೋಬಸ್ಟಾ:

ಮೇಷ್ಟ್ರೇ, ಒಳ್ಳೇ ವಿಷಯ ಎತ್ತಿದ್ದೀರಿ. ಸಿದ್ಧಾಂತ ನೀವು ಹೇಳಿ, ರೇಟು ನಮ್ಮ ಮನೆ ಬಾಗಿಲಿಗೆ ಹೇಗೆ ಬರುತ್ತದೆ ಅನ್ನೋದನ್ನು ನಾನು ಹೇಳುತ್ತೇನೆ. ಪೇಟೆಯಲ್ಲಿರೋ ಓದುಗರಿಗೆ ಗೊತ್ತಿರಲಿಕ್ಕಿಲ್ಲ.

ಕಾಫಿಯಲ್ಲಿ ರೋಬಸ್ಟಾ, ಅರೇಬಿಕಾ ಅಂತ ಎರಡು ಜಾತಿ. ರೋಬಸ್ಟಾಗೆ ಲಂಡನ್, ಅರೇಬಿಕಾಗೆ ನ್ಯೂಯಾರ್ಕ್. ನಮ್ಮ ರಾತ್ರಿ ಹೊತ್ತಿಗೆ ಅಲ್ಲಿ ಮಾರುಕಟ್ಟೆ ಮುಚ್ಚಿದ ಮೇಲೆ ರಫ್ತುದಾರರು ಲೆಕ್ಕ ಹಾಕುತ್ತಾರೆ. ಲಂಡನ್ ರೇಟು, ಅದರ ಮೇಲೆ ನಮ್ಮ ಕಾಫಿಗೆ ಸಿಗೋ ಡಿಫರೆನ್ಷಿಯಲ್ (ರೇಟಿನ ವ್ಯತ್ಯಾಸ), ಡಾಲರ್-ರೂಪಾಯಿ ದರ, ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೀಜ ದರ್ಜೆ ಮಾಡೋದು) ಖರ್ಚು, ಲಾರಿ ಬಾಡಿಗೆ, ಅವರ ಲಾಭ. ಎಲ್ಲ ಕಳೆದು ಉಳಿದದ್ದು ಬೆಳಗ್ಗೆ ವಾಟ್ಸಾಪ್‌ನಲ್ಲಿ ಬರುತ್ತದೆ: ಚೆರ್ರಿ (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು) ಇಷ್ಟು, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು) ಇಷ್ಟು.

ಆಮೇಲೆ ಓಟಿ, ಅಂದರೆ ಔಟ್‌ಟರ್ನ್. ಏಜೆಂಟರ ಅಂಗಡಿಗೆ ಚೀಲ ಇಳಿಸಿದ ಮೇಲೆ ಅವರ ಹುಡುಗ ನಾಲ್ಕೈದು ಚೀಲಕ್ಕೆ ಬಂಬು (ಚೂಪು ಕೊಳವೆ) ಚುಚ್ಚಿ ಸ್ಯಾಂಪಲ್ ತೆಗೆಯುತ್ತಾನೆ. ಅದನ್ನು ಸಣ್ಣ ಮಿಷನ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಬೀಜ ತೂಕ ಮಾಡಿ, ತೇವಾಂಶ ನೋಡುತ್ತಾನೆ. 50 ಕೆಜಿ ಚೆರ್ರಿ ಚೀಲದಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನೋದೇ ಓಟಿ. 27 ಬಂದರೆ ಮುಖ ಅರಳುತ್ತದೆ, 25ಕ್ಕೆ ಇಳಿದರೆ ಆ ದಿನದ ರೇಟು ಎಷ್ಟಿದ್ದರೂ ಪ್ರಯೋಜನ ಇಲ್ಲ. ಒಂದು ಮುಷ್ಟಿ ಕರಿಬೀಜ ಕಂಡರೆ ಮತ್ತೆ ಕಡಿತ.

ಇಷ್ಟೆಲ್ಲದರಲ್ಲಿ ನಾನು ಬಾಯಿಬಿಟ್ಟು ಚೌಕಾಸಿ ಮಾಡಬಹುದಾದ ಜಾಗ ಓಟಿ ಒಂದೇ. ಅದರ ಮೇಲಿರೋದು ಯಾವುದೂ ನನ್ನ ಕೈಲಿಲ್ಲ.

ಲೆಕ್ಕದ ಪುಸ್ತಕ:

ನಾನು ಅರ್ಥಶಾಸ್ತ್ರ ಓದಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವವನು. ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳುತ್ತೇನೆ.

ಕೈಲಿಲ್ಲ ಅಂದ ಮಾತ್ರಕ್ಕೆ ಯಾರೋ ಮೇಲೆ ಕೂತು ಆಡಿಸುತ್ತಿದ್ದಾರೆ ಅಂತ ಆಗೋದಿಲ್ಲ. 1975ರ ಜುಲೈಯಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿತ್ತು, 1977ರ ಹೊತ್ತಿಗೆ ಅರೇಬಿಕಾ ಒಂದು ಪೌಂಡ್ ತೂಕಕ್ಕೆ 3 ಡಾಲರ್ ದಾಟಿತು. ಬ್ರೆಜಿಲ್, ವಿಯೆಟ್ನಾಂ ಎರಡೂ ಕಡೆ ಬರ ಬಂತು, 2024ರಲ್ಲಿ ಲಂಡನ್ ರೋಬಸ್ಟಾ ಟನ್‌ಗೆ 5,000 ಡಾಲರ್ ದಾಟಿತು, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಮಧ್ಯೆ 2001ರಲ್ಲಿ ರೇಟು ನೆಲ ಕಚ್ಚಿದ್ದು ಯಾಕೆ? ವಿಯೆಟ್ನಾಂ ಹತ್ತು ಹನ್ನೆರಡು ವರ್ಷದಲ್ಲಿ ಎಲ್ಲೋ ಇದ್ದದ್ದು ಎರಡನೇ ಸ್ಥಾನಕ್ಕೆ ಬಂದು ನಿಂತಿತು. ಮಾಲು ಜಾಸ್ತಿ ಆಯಿತು, ರೇಟು ಬಿತ್ತು. ಇದನ್ನು ಅರ್ಥ ಮಾಡಿಕೊಳ್ಳೋಕೆ ವಾಲರ್‌ಸ್ಟೈನ್ ಬೇಕಾ?

ಇನ್ನೊಂದು ವಿಷಯ. ಕಚ್ಚಾ ಮಾಲಿನ ಬೆಲೆ ಕೈಗಾರಿಕಾ ವಸ್ತುಗಳ ಮುಂದೆ ದೀರ್ಘಕಾಲದಲ್ಲಿ ಕುಸಿಯುತ್ತಲೇ ಹೋಗುತ್ತದೆ ಅಂತ ಅರ್ಥಶಾಸ್ತ್ರಜ್ಞರಾದ ಪ್ರೆಬಿಷ್, ಸಿಂಗರ್ ಇಬ್ಬರೂ ಹೇಳಿದರು. ಆ ಲೆಕ್ಕದ ಬಗ್ಗೆ ಎಪ್ಪತ್ತು ವರ್ಷದಿಂದ ಜಗಳ ನಡೆಯುತ್ತಲೇ ಇದೆ. ಯಾವ ವರ್ಷದಿಂದ ಎಣಿಸಲು ಶುರು ಮಾಡುತ್ತೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ.

ಗದ್ದೆಬಯಲು:

ನಿಮ್ಮ ಪ್ರಶ್ನೆ ಸರಿಯಾಗಿದೆ, ಅದಕ್ಕೇ ನಿಧಾನವಾಗಿ ಉತ್ತರ ಬರೆಯುತ್ತೇನೆ. ಇದು ಉದ್ದ ಆಗುತ್ತದೆ.

ಹಿಮ, ಬರ, ಬೆಳೆ ಹೆಚ್ಚಾಗೋದು ಎಲ್ಲವೂ ನಿಜ. ಆದರೆ ಮಾಲು ಜಾಸ್ತಿ ಆದಾಗ ಏನಾಗಬೇಕು ಅನ್ನೋದಕ್ಕೆ 1989ರ ಮೊದಲು ಬೇರೆ ನಿಯಮ ಇತ್ತು. 1962ರಲ್ಲಿ ವಿಶ್ವಸಂಸ್ಥೆಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಆಯಿತು. ಮರುವರ್ಷ ಲಂಡನ್‌ನಲ್ಲಿ ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಶುರುವಾಯಿತು. ಬೆಳೆಯುವ ದೇಶ, ಕುಡಿಯುವ ದೇಶ ಎರಡೂ ಸದಸ್ಯರು. ಪ್ರತಿ ದೇಶಕ್ಕೂ ರಫ್ತು ಕೋಟಾ. 1980ರ ದಶಕದಲ್ಲಿ ಪೌಂಡಿಗೆ 1.20ರಿಂದ 1.40 ಡಾಲರ್ ಒಳಗೆ ರೇಟು ಇರಬೇಕು ಅಂತ ಗುರಿ. ಕೆಳಗೆ ಇಳಿದರೆ ಕೋಟಾ ಬಿಗಿ, ಮೇಲೆ ಹೋದರೆ ಸಡಿಲ. ರೇಟು ಏರಿಳಿಯುತ್ತಿರಲಿಲ್ಲ ಅಂತಲ್ಲ, ಆದರೆ ಕೆಳಗೆ ಒಂದು ನೆಲ ಇತ್ತು.

ಈಗ ಪ್ರಶ್ನೆ, ಮುಕ್ತ ಮಾರುಕಟ್ಟೆಯ ಮಾತಾಡುವ ಅಮೆರಿಕ ಇಂಥ ಒಪ್ಪಂದಕ್ಕೆ ಯಾಕೆ ಸಹಿ ಹಾಕಿತು? ಅದು ಅತಿ ದೊಡ್ಡ ಕೊಳ್ಳುಗ ದೇಶ. ರೇಟು ಜಾಸ್ತಿ ಇದ್ದರೆ ನಷ್ಟ ಅದಕ್ಕೇ. ವರ್ಷಗಳನ್ನು ನೋಡಿ. 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿ. 1961ರಲ್ಲಿ ಕೆನಡಿ ಲ್ಯಾಟಿನ್ ಅಮೆರಿಕಕ್ಕೆ ದೊಡ್ಡ ನೆರವಿನ ಯೋಜನೆ ಘೋಷಿಸಿದರು. 1962ರಲ್ಲಿ ಕಾಫಿ ಒಪ್ಪಂದ. ಬ್ರೆಜಿಲ್, ಕೊಲಂಬಿಯಾ, ಮಧ್ಯ ಅಮೆರಿಕದ ರೈತ ಹಸಿದರೆ ಕಮ್ಯುನಿಸ್ಟ್ ಆಗುತ್ತಾನೆ ಅನ್ನೋ ಭಯ ವಾಷಿಂಗ್ಟನ್‌ನಲ್ಲಿ ನಿಜವಾಗಿಯೂ ಇತ್ತು. ಕಾಕ್ಸ್ ಅವರು ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಗ್ರಾಮ್ಶಿಯಿಂದ ತೆಗೆದುಕೊಂಡ ವಿಚಾರ ಇಲ್ಲಿ ಬರುತ್ತದೆ: ಯಜಮಾನಿಕೆ ಬರೀ ದೊಣ್ಣೆಯಿಂದ ನಡೆಯೋದಿಲ್ಲ, ಕೆಳಗಿನವರಿಗೆ ಸ್ವಲ್ಪ ಬಿಟ್ಟುಕೊಟ್ಟು ಅವರ ಒಪ್ಪಿಗೆ ಪಡೆದಾಗಲೇ ಗಟ್ಟಿಯಾಗುತ್ತದೆ. ಕಾಫಿ ಕೋಟಾ ಹಾಗೆ ಬಿಟ್ಟುಕೊಟ್ಟದ್ದರಲ್ಲಿ ಒಂದು.

1989ರ ಜುಲೈಯಲ್ಲಿ ಕೋಟಾ ಮುರಿದುಬಿತ್ತು. ಒಳಗಿನ ಜಗಳವೂ ಕಾರಣ. ಬ್ರೆಜಿಲ್ ತನ್ನ ಸುಮಾರು ಶೇಕಡಾ 30ರ ಪಾಲು ಬಿಡಲು ಒಪ್ಪಲಿಲ್ಲ. ಕೊಳ್ಳುವವರಿಗೆ ಮಧ್ಯ ಅಮೆರಿಕದ ಮೃದು ಅರೇಬಿಕಾ ಜಾಸ್ತಿ ಬೇಕಿತ್ತು. ಒಪ್ಪಂದಕ್ಕೆ ಸೇರದ ದೇಶಗಳಿಗೆ ಅದೇ ಕಾಫಿ ಅಗ್ಗಕ್ಕೆ ಹೋಗುತ್ತಿತ್ತು, ಅದಕ್ಕೆ ಅಮೆರಿಕದ ಸಿಟ್ಟು. ಇದೆಲ್ಲ ಮೊದಲೂ ಇದ್ದ ಜಗಳವೇ. ಮೊದಲು ಹೆಚ್ಚಿನ ಸಲ ರಾಜಿ ಆಗುತ್ತಿತ್ತು. 1989ರಲ್ಲಿ ಆಗಲಿಲ್ಲ, ಯಾಕೆಂದರೆ ಶೀತಲ ಸಮರ ಮುಗಿಯುತ್ತಾ ಬಂದಿತ್ತು, ರಾಜಿ ಮಾಡಿಸುವ ಗರಜು ದೊಡ್ಡಣ್ಣನಿಗೆ ಉಳಿದಿರಲಿಲ್ಲ. ಕೆಲವೇ ತಿಂಗಳಲ್ಲಿ ರೇಟು ಅರ್ಧದಷ್ಟಕ್ಕೆ ಬಿತ್ತು. ವಿಯೆಟ್ನಾಂ ಕಾಫಿ ಆಗಿನ್ನೂ ದೊಡ್ಡ ಪ್ರಮಾಣದಲ್ಲಿ ಬಂದೇ ಇರಲಿಲ್ಲ, ಇದನ್ನು ಗಮನಿಸಿ.

2001ಕ್ಕೆ ಬರೋಣ. ರೇಟು ಪೌಂಡಿಗೆ 45 ಸೆಂಟ್ ಆಸುಪಾಸಿಗೆ ಇಳಿಯಿತು. ಆಗ ಕಾಫಿ ಸಂಸ್ಥೆಯೇ ಕೊಟ್ಟ ಲೆಕ್ಕ ನೋಡಿ. 1990ರ ದಶಕದ ಶುರುವಿನಲ್ಲಿ ಬೆಳೆಯುವ ದೇಶಗಳಿಗೆ ಕಾಫಿ ರಫ್ತಿನಿಂದ ವರ್ಷಕ್ಕೆ 1,000ದಿಂದ 1,200 ಕೋಟಿ ಡಾಲರ್ ಬರುತ್ತಿತ್ತು. ಅಂಗಡಿಯಲ್ಲಿ ಮಾರಾಟವಾದ ಕಾಫಿಯ ಒಟ್ಟು ಬೆಲೆ ಸುಮಾರು 3,000 ಕೋಟಿ ಡಾಲರ್. ಹತ್ತು ವರ್ಷ ಕಳೆದ ಮೇಲೆ ಅಂಗಡಿ ಮಾರಾಟ 7,000 ಕೋಟಿ ದಾಟಿತ್ತು, ಬೆಳೆದ ದೇಶಗಳಿಗೆ ಬಂದದ್ದು 550 ಕೋಟಿ. ಮಾಲು ಜಾಸ್ತಿ ಆಗಿ ರೇಟು ಬಿದ್ದದ್ದಷ್ಟೇ ಆಗಿದ್ದರೆ ಕುಡಿಯುವವನಿಗೂ ಅಗ್ಗ ಆಗಬೇಕಿತ್ತು ಅಲ್ವಾ? ಪೇಟೆಯ ಕಪ್ಪಿನ ರೇಟು ಇಳಿಯಲಿಲ್ಲ.

ಪ್ರೆಬಿಷ್ ಅವರನ್ನು ನಾನು ಓದೋದು ಇಲ್ಲಿಯೇ. ಅವರು ಅರ್ಜೆಂಟೀನಾದ ಕೇಂದ್ರ ಬ್ಯಾಂಕ್ ನಡೆಸಿದವರು, ಪುಸ್ತಕದ ಹುಳು ಅಲ್ಲ. ಆಮೇಲೆ 1964ರಲ್ಲಿ ಶುರುವಾದ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನದ ಮೊದಲ ಮುಖ್ಯಸ್ಥರು. ಬೆಲೆಯ ಗೆರೆ ಇಳಿಯುತ್ತಾ ಏರುತ್ತಾ ಅನ್ನೋದು ಅವರ ವಾದದ ಒಂದು ಭಾಗ ಮಾತ್ರ. ಇನ್ನೊಂದು ಭಾಗ, ಉತ್ಪಾದಕತೆ ಹೆಚ್ಚಿದಾಗ ಲಾಭ ಯಾರ ಜೇಬಿಗೆ ಹೋಗುತ್ತದೆ ಅನ್ನೋದು. ಕೇಂದ್ರದ, ಅಂದರೆ ಶ್ರೀಮಂತ ಕೈಗಾರಿಕಾ ದೇಶಗಳಲ್ಲಿ ಸಂಘಟಿತ ಕಾರ್ಮಿಕರೂ ದೊಡ್ಡ ಕಂಪನಿಗಳೂ ಇವೆ, ಹಾಗಾಗಿ ಲಾಭ ಕೂಲಿಯಾಗಿ, ಲಾಭಾಂಶವಾಗಿ ಅಲ್ಲೇ ಉಳಿಯುತ್ತದೆ. ಅಂಚಿನ, ಅಂದರೆ ಕಚ್ಚಾ ಮಾಲು ಮಾರುವ ದೇಶಗಳಲ್ಲಿ ಬೆಳೆಗಾರರು ಲಕ್ಷಾಂತರ, ಒಬ್ಬರಿಗೊಬ್ಬರು ಪೈಪೋಟಿ. ನಾವು ಎಕರೆಗೆ ಎರಡು ಚೀಲ ಜಾಸ್ತಿ ತೆಗೆದರೆ ಅದು ಅಗ್ಗದ ಬೆಲೆಯಾಗಿ ಹೊರಗೆ ಹರಿದುಹೋಗುತ್ತದೆ.

ಹ್ಯಾಂಬರ್ಗ್ ಕನ್ನಡಿಗ:

ಗದ್ದೆಬಯಲು ಸರ್ ಹೇಳಿದ್ದಕ್ಕೆ ಇಲ್ಲಿಂದ ಒಂದು ಲೆಕ್ಕ ಸೇರಿಸುತ್ತೇನೆ. ಹ್ಯಾಂಬರ್ಗ್ ಯೂರೋಪಿನ ದೊಡ್ಡ ಕಾಫಿ ಬಂದರುಗಳಲ್ಲಿ ಒಂದು. ಜರ್ಮನಿಯಲ್ಲಿ ಒಂದು ಕಾಫಿ ಗಿಡ ಇಲ್ಲ, ಆದರೂ ಈ ದೇಶ ಹುರಿದ ಕಾಫಿಯನ್ನು ರಫ್ತು ಮಾಡೋದರಲ್ಲಿ ಮುಂಚೂಣಿಯಲ್ಲಿದೆ.

ಇದಕ್ಕೆ ಸುಂಕದ ಪಟ್ಟಿಯೂ ಒಂದು ಕಾರಣ. ಯೂರೋಪಿಯನ್ ಒಕ್ಕೂಟಕ್ಕೆ ಹಸಿ ಬೀಜ ತಂದರೆ ಸುಂಕ ಸೊನ್ನೆ. ಹುರಿದು ತಂದರೆ ಸಾಮಾನ್ಯ ದರ ಶೇಕಡಾ 7.5. ಬಡ ದೇಶಗಳಿಗೆ ರಿಯಾಯಿತಿ ಇದೆ ನಿಜ, ಆದರೂ ಪಟ್ಟಿ ನೋಡಿದರೆ ಹೇಳುತ್ತಿರೋದು ಸ್ಪಷ್ಟ: ಬೀಜ ಕಳಿಸಿ, ಹುರಿಯೋ ಕೆಲಸ ನಮಗೆ ಬಿಡಿ.

ಅದಕ್ಕಿಂತ ನನಗೆ ಆಶ್ಚರ್ಯ ಆಗಿದ್ದು ಇಲ್ಲಿನ ಕಾಫಿ ತೆರಿಗೆ. ಹುರಿದ ಕಾಫಿ ಕೆಜಿಗೆ 2.19 ಯೂರೋ, ವ್ಯಾಟ್ ಬೇರೆ. 2001-02ರಲ್ಲಿ ಪೌಂಡಿಗೆ 45 ಸೆಂಟ್ ಅಂದರೆ ಕೆಜಿ ಹಸಿ ಬೀಜ ಸುಮಾರು ಒಂದು ಡಾಲರ್. ಹುರಿದಾಗ ತೂಕ ಇಳಿಯೋದರಿಂದ ಒಂದು ಕೆಜಿ ಪುಡಿಗೆ ಸುಮಾರು 1.2 ಕೆಜಿ ಬೀಜ ಬೇಕು. ಅಂದರೆ ಬೀಜದ ಖರ್ಚು 1.20 ಡಾಲರ್ ಆಸುಪಾಸು. ಆಗ ಯೂರೋ ಡಾಲರಿಗಿಂತ ಸ್ವಲ್ಪ ಕಡಿಮೆ ಇತ್ತು, ತೆರಿಗೆ ಹೆಚ್ಚು ಕಡಿಮೆ 2 ಡಾಲರ್. ಕಾಫಿ ಬೆಳೆದ ದೇಶಕ್ಕೆ ಸಿಕ್ಕಿದ್ದಕ್ಕಿಂತ ಜಾಸ್ತಿ ಹಣ ಜರ್ಮನ್ ಸರ್ಕಾರಕ್ಕೆ ಬರೀ ಒಂದು ತೆರಿಗೆಯಿಂದ ಸಿಕ್ಕಿದೆ. ಲೆಕ್ಕದ ಪುಸ್ತಕದವರೇ, ಇದರಲ್ಲಿ ಪೂರೈಕೆ-ಬೇಡಿಕೆ ಎಲ್ಲಿದೆ ಹೇಳಿ.

ಲೆಕ್ಕದ ಪುಸ್ತಕ:

ತೆರಿಗೆ ಅವರ ಜನರ ಮೇಲೆ ಅವರು ಹಾಕಿಕೊಂಡದ್ದು, ಅದು ಬೇರೆ. ಸುಂಕದ ಪಟ್ಟಿ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಅದನ್ನು ಮುಕ್ತ ವ್ಯಾಪಾರದ ಅರ್ಥಶಾಸ್ತ್ರಜ್ಞರೂ ತಪ್ಪು ಅಂತಲೇ ಹೇಳುತ್ತಾರೆ.

ಸೋಮವಾರಪೇಟೆ ರೋಬಸ್ಟಾ:

ಮೇಷ್ಟ್ರೇ, ನಿಮ್ಮ ಮಾತು ಕೇಳಿದರೆ ಹಿಂದಿನ ಕಾಲ ಬಹಳ ಚೆನ್ನಾಗಿತ್ತು ಅನ್ನಿಸುತ್ತದೆ. ಹಾಗಿರಲಿಲ್ಲ. ಆ ಕಾಲದಲ್ಲಿ ಕಾಫಿ ಬೆಳೆದವನು ನಾನು, ಅದನ್ನೂ ಹೇಳಲೇಬೇಕು.

1942ರ ಕಾಫಿ ಕಾಯ್ದೆ ಪ್ರಕಾರ ನಾವು ಬೆಳೆದದ್ದೆಲ್ಲ ಕಾಫಿ ಮಂಡಳಿಯ ಪೂಲ್‌ಗೆ (ಎಲ್ಲರ ಕಾಫಿ ಒಟ್ಟುಗೂಡಿಸಿ ಮಾರುವ ವ್ಯವಸ್ಥೆ) ಕೊಡಬೇಕಿತ್ತು. ಮನೆ ಖರ್ಚಿಗೆ ಬಿಟ್ಟು ಒಂದು ಚೀಲ ಹೊರಗೆ ಮಾರಿದರೂ ಅಪರಾಧ. ರಾತ್ರಿ ಜೀಪಿನಲ್ಲಿ ಕಾಫಿ ಸಾಗಿಸಿ ಸಿಕ್ಕಿಬಿದ್ದವರು ನಮ್ಮ ಊರಲ್ಲೇ ಇದ್ದರು. ಪೂಲ್‌ಗೆ ಕೊಟ್ಟ ಕೂಡಲೇ ಸ್ವಲ್ಪ ಮುಂಗಡ ಬರುತ್ತಿತ್ತು. ಉಳಿದದ್ದು ಕಂತು ಕಂತಾಗಿ, ಮಾರಾಟ ಆದ ಹಾಗೆ. ಒಂದು ಬೆಳೆಯ ಕೊನೇ ಕಂತು ಬರೋ ಹೊತ್ತಿಗೆ ಮುಂದಿನ ಬೆಳೆ ಕಣದಲ್ಲಿ ಒಣಗುತ್ತಿರುತ್ತಿತ್ತು. ಆಳುಗಳಿಗೆ ವಾರ ವಾರ ಬಟವಾಡೆ ಮಾಡಬೇಕು, ನಮಗೆ ಬರೋದು ಯಾವಾಗಲೋ. ಮಧ್ಯದ ಗುಂಡಿ ತುಂಬಿಸಿದವರು ಸಾಹುಕಾರರು, ಬಡ್ಡಿಗೆ.

ಆಗ ನಮ್ಮ ಕಾಫಿಯ ಅತಿ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. ರೂಪಾಯಿ ಲೆಕ್ಕದ ವ್ಯಾಪಾರ. ಗುಣಮಟ್ಟಕ್ಕೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಚೆನ್ನಾಗಿ ಮಾಡಿದವನದ್ದೂ ಹಾಳು ಮಾಡಿದವನದ್ದೂ ಒಂದೇ ರಾಶಿಗೆ. 1989ರಲ್ಲಿ ಕೋಟಾ ಹೋಯಿತು, 1991ರಲ್ಲಿ ಸೋವಿಯತ್ ಹೋಯಿತು. ಎರಡೂ ಬಾಗಿಲು ಒಟ್ಟಿಗೇ ಮುಚ್ಚಿದವು.

ಮುಕ್ತ ಮಾರಾಟ ಬೇಕು ಅಂತ ಹೋರಾಟ ಮಾಡಿದ್ದು ಬೆಳೆಗಾರರೇ, ನಾನೂ ಧರಣಿಗೆ ಹೋಗಿದ್ದೆ. 1992ರಲ್ಲಿ ಶೇಕಡಾ 30ನ್ನು ದೇಶದೊಳಗೆ ನಾವೇ ಮಾರಬಹುದು ಅಂದರು. 1993ರಲ್ಲಿ ಶೇಕಡಾ 50 ಮುಕ್ತ. 1994ರಲ್ಲಿ ಸಣ್ಣ ಬೆಳೆಗಾರರಿಗೆ ಪೂರ್ತಿ, 1996ರಲ್ಲಿ ಎಲ್ಲರಿಗೂ. ಅದೇ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿತ್ತು. ಎಂಥಾ ರೇಟು ಬಂತು ಗೊತ್ತಾ! ಮನೆ ಕಟ್ಟಿದರು, ಗಾಡಿ ತೆಗೆದರು, ಮಕ್ಕಳನ್ನು ಬೆಂಗಳೂರಿಗೆ ಓದಲು ಕಳಿಸಿದರು. ಅದನ್ನು ನಾನು ಮರೆಯಲಾರೆ. 2001ರಲ್ಲಿ ಅದೇ ಮನೆಗಳ ಮೇಲೆ ಬ್ಯಾಂಕಿನ ನೋಟಿಸ್ ಬಂದದ್ದನ್ನೂ ಮರೆಯಲಾರೆ.

ಹಾಗಾಗಿ ನನ್ನ ಪ್ರಶ್ನೆ. ಪೂಲ್ ಹೋಗಿದ್ದು ಒಳ್ಳೇದೇ. ಕೋಟಾ ಹೋಗಿದ್ದು ಕೆಟ್ಟದ್ದು. ಎರಡನ್ನೂ ಒಟ್ಟಿಗೇ ಹೇಳೋಕೆ ನಿಮ್ಮ ಸಿದ್ಧಾಂತದಲ್ಲಿ ಜಾಗ ಇದೆಯಾ?

ಗದ್ದೆಬಯಲು:

ಇದೆ ಅಣ್ಣಾ, ಮತ್ತು ನೀವು ಕೇಳಿದ್ದು ಇಡೀ ಚರ್ಚೆಯಲ್ಲಿ ಬಂದ ಅತಿ ಮುಖ್ಯ ಪ್ರಶ್ನೆ. ಬ್ರೆಜಿಲ್‌ನ ಕಾರ್ಡೋಸೊ, ಚಿಲಿಯ ಫಲೆಟ್ಟೊ ಅನ್ನೋ ಇಬ್ಬರು ವಿದ್ವಾಂಸರು 1960ರ ದಶಕದಲ್ಲೇ ಇದನ್ನು ಎತ್ತಿದ್ದರು. ಹೊರಗಿನ ದೇಶ ನಮ್ಮನ್ನು ಹಿಂಡುತ್ತದೆ ಅಂತ ಮಾತ್ರ ಹೇಳಿ ನಿಲ್ಲಿಸಬಾರದು, ಒಳಗೆ ಯಾವ ವರ್ಗ ಯಾರ ಜೊತೆ ಸೇರಿಕೊಂಡಿದೆ ಅನ್ನೋದನ್ನೂ ನೋಡಬೇಕು ಅಂತ. ಇದೇ ಕಾರ್ಡೋಸೊ 1995ರಿಂದ ಎಂಟು ವರ್ಷ ಬ್ರೆಜಿಲ್ ಅಧ್ಯಕ್ಷರಾಗಿ ಖಾಸಗೀಕರಣ ಮಾಡಿದರು ಅನ್ನೋದು ಬೇರೆ ಮಾತು.

ಹೊರಗಿನ ನೆಲ ಕಾಪಾಡುತ್ತಿತ್ತು, ಒಳಗಿನ ಪೂಲ್ ಉಸಿರು ಕಟ್ಟಿಸುತ್ತಿತ್ತು. ಪೂಲ್ ಇದ್ದಾಗ ನಿಮ್ಮ ಪರವಾಗಿ ಚೌಕಾಸಿ ಮಾಡುವ ಒಂದು ದೊಡ್ಡ ಕೈ ಇತ್ತು, ಆದರೆ ಆ ಕೈಗೆ ನೀವು ಲೆಕ್ಕ ಕೇಳುವ ಹಾಗಿರಲಿಲ್ಲ. ಈಗ ಲೆಕ್ಕ ನಿಮ್ಮದೇ, ಕೈ ಮಾತ್ರ ಒಂಟಿ.

ನೀಲಿ ಶಾಯಿ:

ಎಲ್ಲ ಓದಿದೆ. ಒಂದು ಮಾತು ಹೇಳಲೇಬೇಕು. ಇಷ್ಟೂ ಚರ್ಚೆಯಲ್ಲಿ ಸರಪಳಿ ಬೆಳೆಗಾರನ ಹತ್ತಿರ ಬಂದು ಮುಗಿಯುತ್ತದೆ. ಅಲ್ಲಿಂದ ಕೆಳಗೆ ಯಾರೂ ಇಲ್ಲವಾ?

ನನ್ನ ಅಮ್ಮ ಹಾಸನದ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗಾರ್ಬ್ಲಿಂಗ್ ಕೆಲಸ ಮಾಡುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಉದ್ದನೆ ಹಾಲಿನಲ್ಲಿ ಸಾಲಾಗಿ ಹೆಂಗಸರು ಕೂತಿರುತ್ತಾರೆ, ಮುಂದೆ ಬೀಜದ ರಾಶಿ. ಕಪ್ಪಾದದ್ದು, ಒಡೆದದ್ದು, ಹುಳ ಹೊಡೆದದ್ದು, ಬಿಳಿಚಿಕೊಂಡದ್ದು ಒಂದೊಂದನ್ನೇ ಬೆರಳಲ್ಲಿ ತಳ್ಳಬೇಕು. ಕೂಲಿ ಕೆಜಿ ಲೆಕ್ಕ. ಧೂಳಿಗೆ ಸೆರಗು ಮೂಗಿಗೆ ಕಟ್ಟಿಕೊಂಡಿರುತ್ತಾರೆ. ಸಂಜೆ ಮನೆಗೆ ಬಂದ ಮೇಲೂ ಅಮ್ಮ ಅನ್ನದ ತಟ್ಟೆಯಲ್ಲಿ ಕಲ್ಲು ಕಾಣದಿದ್ದರೂ ಬೆರಳು ಆಡಿಸುತ್ತಿದ್ದರು, ಅಷ್ಟು ಅಭ್ಯಾಸ. ಯೂರೋಪಿಗೆ ಹೋಗೋ ಪ್ರತಿ ಚೀಲದ ದರ್ಜೆ ನಿಂತದ್ದು ಆ ಕಣ್ಣಿನ ಮೇಲೆ. ಆಮೇಲೆ ಬಣ್ಣ ನೋಡಿ ಬೇರ್ಪಡಿಸೋ ಯಂತ್ರ ಬಂತು, ಸಾಲುಗಳು ಖಾಲಿಯಾದವು. ರೇಟು ಏರಿದಾಗ ಅಮ್ಮನ ಕೆಜಿ ಕೂಲಿ ಏರಿದ್ದು ನಾನು ನೋಡಿಲ್ಲ.

ಸಿಂಥಿಯಾ ಎನ್ಲೋ ಅನ್ನೋ ವಿದ್ವಾಂಸರು 1980ರ ದಶಕದಲ್ಲಿ ಕೇಳಿದ್ದು ಬಹಳ ಸರಳ ಪ್ರಶ್ನೆ, ಹೆಂಗಸರು ಎಲ್ಲಿದ್ದಾರೆ ಅಂತ. ಬಾಳೆಹಣ್ಣಿನ ತೋಟ, ಸೇನಾ ನೆಲೆ, ರಾಯಭಾರ ಕಚೇರಿ ಎಲ್ಲ ಕಡೆ ಹುಡುಕಿದರು. ಅದೇ ಪ್ರಶ್ನೆ ಕಾಫಿಗೆ ಕೇಳಿ. ಹಣ್ಣು ಕುಯ್ಯೋದು, ಒಣಗಿಸೋದು, ಆರಿಸೋದು ಎಲ್ಲ ಹೆಚ್ಚಾಗಿ ಹೆಂಗಸರು. ಏಜೆಂಟರ ಅಂಗಡಿಯಲ್ಲಿ ಓಟಿ ನೋಡೋವಾಗ ನಿಂತಿರೋದು ಗಂಡಸರು.

1951ರ ಪ್ಲಾಂಟೇಶನ್ ಲೇಬರ್ ಕಾಯ್ದೆ ಮನೆ, ಆಸ್ಪತ್ರೆ, ಶಿಶುವಿಹಾರ ಕೊಡಬೇಕು ಅಂತ ಹೇಳಿತು. ಆದರೆ 1981ರ ತಿದ್ದುಪಡಿಯ ಮೇಲೂ ಅದು 5 ಹೆಕ್ಟೇರ್ ಮತ್ತು 15 ಆಳು ಅಥವಾ ಅದಕ್ಕಿಂತ ಹೆಚ್ಚಿರೋ ತೋಟಕ್ಕೆ ಮಾತ್ರ ಅನ್ವಯಿಸುತ್ತಿತ್ತು. ನಮ್ಮ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಜನ 10 ಹೆಕ್ಟೇರ್ ಒಳಗಿನವರು, ಅವರಲ್ಲೂ ಬಹುಪಾಲು ಆ ಮಿತಿಗಿಂತ ಕೆಳಗೆ. ಅಲ್ಲಿ ದುಡಿಯೋರಿಗೆ ದಶಕಗಟ್ಟಲೆ ಆ ಕಾಯ್ದೆ ತಲುಪಲೇ ಇಲ್ಲ. ಈಗ ಕುಯ್ಲಿಗೆ ಅಸ್ಸಾಮಿನಿಂದ ಬರುತ್ತಾರೆ, ಲೈನ್ ಮನೆಯಲ್ಲಿ ಇರುತ್ತಾರೆ, ಕುಯ್ಲು ಮುಗಿದ ಮೇಲೆ ಹೋಗುತ್ತಾರೆ. ಲಂಡನ್ ನಮ್ಮನ್ನು ಹಿಂಡುತ್ತದೆ ಅಂತ ಸಂಕಟಪಡೋ ಮನೆಯಲ್ಲೇ ಅವರ ಲೆಕ್ಕ ಹೇಗೆ ನಡೆಯುತ್ತದೆ ಅಂತ ಕೇಳಿಕೊಳ್ಳಬೇಕು.

ಸೋಮವಾರಪೇಟೆ ರೋಬಸ್ಟಾ:

ಸತ್ಯ ಹೇಳಿದ್ದೀಯಮ್ಮ. 2001ರಲ್ಲಿ ನಮಗೆ ಕಷ್ಟ ಬಂದಾಗ ಮೊದಲು ನಿಲ್ಲಿಸಿದ್ದು ಆಳು. ಕಸಿ (ಗಿಡದ ರೆಂಬೆ ಸವರೋದು), ಗೊಬ್ಬರ, ಮರಗಸಿ (ನೆರಳಿನ ಮರದ ಕೊಂಬೆ ಸವರೋದು) ಎಲ್ಲ ಬಿಟ್ಟೆವು. ನಮಗೆ ಸಾಲ ಕೊಡೋಕೆ ಬ್ಯಾಂಕಾದರೂ ಇತ್ತು, ಅವರಿಗೆ ಅದೂ ಇರಲಿಲ್ಲ.

ಶಿರಸಿ ಓದುಗ:

ನಾನು ಅಡಿಕೆಯವನು, ಕಾಫಿ ಗೊತ್ತಿಲ್ಲ. ಒಂದು ಸಣ್ಣ ಪ್ರಶ್ನೆ. ವಾಲರ್‌ಸ್ಟೈನ್ ಜಗತ್ತನ್ನು ಕೇಂದ್ರ, ಅಂಚು, ಅರೆ ಅಂಚು ಅಂತ ಭಾಗ ಮಾಡುತ್ತಾರಲ್ಲ, ಕಾಫಿಯ ಮಟ್ಟಿಗೆ ಭಾರತ ಯಾವುದು?

ಗದ್ದೆಬಯಲು:

ಅರೆ ಅಂಚು ಅಂತ ನಾನು ಹೇಳುತ್ತೇನೆ, ಮತ್ತು ಅದಕ್ಕೆ ಒಳ್ಳೇ ಸಾಕ್ಷಿ ಇನ್‌ಸ್ಟಂಟ್ ಕಾಫಿ. ಹೊರಗಿನ ಕಾಫಿ ಬೀಜದ ಮೇಲೆ ನಮ್ಮ ದೇಶದ ಮೂಲ ಆಮದು ಸುಂಕ ಶೇಕಡಾ 100. ಆದರೆ ಸಂಸ್ಕರಿಸಿ ಮತ್ತೆ ರಫ್ತು ಮಾಡುತ್ತೇವೆ ಅಂದರೆ ಸುಂಕ ಇಲ್ಲದೆ ತರಬಹುದು. ನಮ್ಮ ಇನ್‌ಸ್ಟಂಟ್ ಕಾರ್ಖಾನೆಗಳು ವಿಯೆಟ್ನಾಂ, ಉಗಾಂಡಾದಿಂದ ಅಗ್ಗದ ರೋಬಸ್ಟಾ ತಂದು, ಪುಡಿ ಮಾಡಿ, ರಷ್ಯಾ ಮತ್ತು ಇತರ ಕಡೆ ಕಳಿಸುತ್ತವೆ. ಉಗಾಂಡಾದ ರೈತನ ಕಡೆಯಿಂದ ನೋಡಿದರೆ ನಾವು ಪುಟ್ಟ ಹ್ಯಾಂಬರ್ಗ್. ಇಟಲಿಯ ಕಡೆಯಿಂದ ನೋಡಿದರೆ ನಾವು ಉಗಾಂಡಾ. ಒಂದೇ ದೇಶ ಎರಡೂ ಕೆಲಸ ಮಾಡುತ್ತದೆ ಅನ್ನೋದಕ್ಕೇ ಅವರು ಮಧ್ಯದ ಮೆಟ್ಟಿಲು ಇಟ್ಟದ್ದು.

ಲೆಕ್ಕದ ಪುಸ್ತಕ:

ಹಾಗಾದರೆ ಪರಿಹಾರ ಏನು ಅಂತ ಹೇಳಿ. ಕೋಟಾ ವಾಪಸ್ ತರಬೇಕಾ? ಕೋಟಾ ಇದ್ದಿದ್ದರೆ ವಿಯೆಟ್ನಾಂನ ಬಡ ರೈತನಿಗೆ ಮಾರುಕಟ್ಟೆಗೆ ಬರಲು ಜಾಗವೇ ಇರುತ್ತಿರಲಿಲ್ಲ. ಹಳಬರ ಪಾಲು ಕಾಪಾಡೋ ವ್ಯವಸ್ಥೆ ಅದು. ಅಲ್ಲಿನ ಡಾಕ್ ಲಾಕ್ ಪ್ರಾಂತ್ಯದ ಎಷ್ಟೋ ಕುಟುಂಬಗಳು ಕಾಫಿಯಿಂದಲೇ ಬಡತನ ದಾಟಿದವು. ನಿಮ್ಮ ಸಿದ್ಧಾಂತ ಅವರನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಳ್ಳೋದಿಲ್ಲ?

ನೀಲಿ ಶಾಯಿ:

ತೆಗೆದುಕೊಳ್ಳಬೇಕು, ಪೂರ್ತಿಯಾಗಿ. ಡಾಕ್ ಲಾಕ್‌ಗೆ ಬಯಲಿನಿಂದ ಜನ ಬಂದು ಕಾಫಿ ಹಾಕಿದರು, ಬಹಳ ಮಂದಿ ಉದ್ಧಾರ ಆದರು. ಅದೇ ನೆಲದಲ್ಲಿ ಮೊದಲಿನಿಂದ ಇದ್ದ ಎಡೆ, ಜರಾಯ್ ಬುಡಕಟ್ಟಿನವರು ಭೂಮಿ ಕಳೆದುಕೊಂಡರು. 2001ರ ಫೆಬ್ರವರಿಯಲ್ಲಿ ಅಲ್ಲಿ ದೊಡ್ಡ ಪ್ರತಿಭಟನೆ ಆಯಿತು. ಗೆದ್ದವರನ್ನು ಎಣಿಸುವಾಗ ಪಕ್ಕದಲ್ಲಿ ಇವರನ್ನೂ ಎಣಿಸಿ.

ಗದ್ದೆಬಯಲು:

ಕೋಟಾ ಹಾಗೇ ವಾಪಸ್ ಬರಲಿ ಅಂತ ನಾನು ಕೇಳುತ್ತಿಲ್ಲ. ಹೊಸಬರಿಗೆ ಜಾಗ ಕೊಡದ್ದು ಅದರ ದೊಡ್ಡ ದೋಷ, ನಿಮ್ಮ ಮಾತು ಸರಿ. ನಾನು ಹೇಳುತ್ತಿರೋದು, ಈಗಲೂ ನಿಯಮಗಳಿವೆ, ಅವು ಬೇರೆ ಕಡೆ ಬರೆಯಲ್ಪಡುತ್ತಿವೆ. ಅದನ್ನು ನೋಡೋಕೆ ಸುಸಾನ್ ಸ್ಟ್ರೇಂಜ್ ಬಹಳ ಉಪಯೋಗ. ಅವರು ಮಾರ್ಕ್ಸ್‌ವಾದಿ ಅಲ್ಲ, ಪತ್ರಕರ್ತೆಯಾಗಿದ್ದವರು. ಅಧಿಕಾರ ನಾಲ್ಕು ಕಡೆ ಕೂತಿರುತ್ತದೆ ಅಂದರು: ಭದ್ರತೆ, ಉತ್ಪಾದನೆ, ಹಣಕಾಸು, ಜ್ಞಾನ. ಯಾರೂ ನಿಮಗೆ ಆಜ್ಞೆ ಮಾಡಬೇಕಾಗಿಲ್ಲ, ನೀವು ಆಡಬೇಕಾದ ಅಂಗಳವನ್ನು ಕಟ್ಟಿಕೊಟ್ಟರೆ ಸಾಕು.

ಹಣಕಾಸು ನೋಡಿ. ರೇಟಿನ ಏರಿಳಿತಕ್ಕೆ ರಕ್ಷಣೆ ಬೇಕಾದರೆ ಫ್ಯೂಚರ್ಸ್ (ಮುಂದಿನ ದಿನಾಂಕದ ರೇಟನ್ನು ಈಗಲೇ ಕಟ್ಟಿಕೊಳ್ಳೋ ವಾಯಿದಾ ವ್ಯಾಪಾರ) ಮಾಡಿ ಅಂತ ಸಲಹೆ ಕೊಡುತ್ತಾರೆ. ಲಂಡನ್ ರೋಬಸ್ಟಾದ ಒಂದು ಕಾಂಟ್ರಾಕ್ಟ್ 10 ಟನ್. ನ್ಯೂಯಾರ್ಕ್ ಅರೇಬಿಕಾದ್ದು 37,500 ಪೌಂಡ್, ಅಂದರೆ 17 ಟನ್. ಐದು ಎಕರೆಯವನ ಇಡೀ ವರ್ಷದ ಬೆಳೆ ಅದರ ಅರ್ಧವೂ ಆಗೋದಿಲ್ಲ. ರೇಟು ಹುಟ್ಟೋ ಕೋಣೆಗೆ ಅವನಿಗೆ ಬಾಗಿಲೇ ಇಲ್ಲ. ಒಂದು ಚೆರ್ರಿ ಕೂಡ ಕಣ್ಣಿಂದ ನೋಡದ ಹೂಡಿಕೆ ಸಂಸ್ಥೆಗೆ ಬಾಗಿಲು ತೆರೆದಿದೆ.

ಜ್ಞಾನ ನೋಡಿ. ಇಥಿಯೋಪಿಯಾ 2005ರಲ್ಲಿ ತನ್ನ ಸಿಡಾಮೊ, ಹರಾರ್, ಯಿರ್ಗಾಚೆಫೆ ಹೆಸರುಗಳಿಗೆ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಕೇಳಿದಾಗ ಅಲ್ಲಿನ ಕಾಫಿ ಉದ್ಯಮ ಎದುರು ನಿಂತಿತು. ಸ್ಟಾರ್‌ಬಕ್ಸ್ ಜೊತೆ ಒಪ್ಪಂದ ಆಗಲು 2007ರವರೆಗೆ ಕಾಯಬೇಕಾಯಿತು. ಸ್ವಂತ ಊರಿನ ಹೆಸರಿಗೆ. ನಮಗೆ 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಆ ಹೆಸರಿನ ಲಾಭ ಕಣದವರೆಗೆ ಬಂದಿದೆಯಾ ಅಂತ ಬೆಳೆಗಾರರೇ ಹೇಳಬೇಕು.

ಭದ್ರತೆಯ ಕಡೆಗೆ ಹೊಸ ಉದಾಹರಣೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್ ಕಾಫಿ ಮೇಲೆ ಶೇಕಡಾ 50 ಸುಂಕ ಹಾಕಿತು. ಕಾರಣ ಕೊಟ್ಟದ್ದರಲ್ಲಿ ಮುಖ್ಯವಾದದ್ದು ಆ ದೇಶದ ಮಾಜಿ ಅಧ್ಯಕ್ಷರ ಮೇಲಿನ ಮೊಕದ್ದಮೆ. ಕಾಫಿಗೂ ಅದಕ್ಕೂ ಏನು ಸಂಬಂಧ? ನವೆಂಬರ್‌ನಲ್ಲಿ ಅಲ್ಲಿನ ಅಂಗಡಿಗಳಲ್ಲಿ ಕಾಫಿ ತುಟ್ಟಿಯಾದ ಮೇಲೆ ವಾಪಸ್ ತೆಗೆದರು.

ಸೋಮವಾರಪೇಟೆ ರೋಬಸ್ಟಾ:

ಯೂರೋಪಿನ ಕಾಡು ಕಾನೂನು ಬಿಟ್ಟಿರಿ ಮೇಷ್ಟ್ರೇ. ಈಗ ನಮ್ಮ ಕಡೆ ಮೀಟಿಂಗ್ ಆದರೆ ಅದೇ ಮಾತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲ ಅಂತ ಸಾಬೀತು ಮಾಡಬೇಕಂತೆ. 4 ಹೆಕ್ಟೇರ್ ಒಳಗಿದ್ದರೆ ತೋಟದ ಒಂದು ಜಿಪಿಎಸ್ ಬಿಂದು ಸಾಕು, ಜಾಸ್ತಿ ಇದ್ದರೆ ಸುತ್ತಳತೆ ಗುರುತು ಮಾಡಬೇಕು. ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಯಿತು.

ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಕಾಫಿ ಬೆಳೆಯೋದೇ ನಂದಿ, ಹಲಸು, ಅತ್ತಿ ಮರದ ನೆರಳಲ್ಲಿ. ತೊಂದರೆ ಕಾಗದದ್ದು. ಜಾಗ ಕಾನೂನುಬದ್ಧ ಅಂತ ತೋರಿಸಬೇಕು. ಜಮ್ಮಾ ಬಾಣೆಯ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು) ಆರ್‌ಟಿಸಿಯಲ್ಲಿ ಇನ್ನೂ ಮುತ್ತಜ್ಜನ ಹೆಸರು, ಕೆಳಗೆ ಹತ್ತಾರು ಪಾಲುದಾರರು. ಇದನ್ನು ಬ್ರಸೆಲ್ಸ್‌ನಲ್ಲಿ ಕೂತವರಿಗೆ ಯಾರು ವಿವರಿಸೋದು?

ಹ್ಯಾಂಬರ್ಗ್ ಕನ್ನಡಿಗ:

ಇಲ್ಲಿ ಅದನ್ನು ಪರಿಸರದ ಪ್ರಶ್ನೆಯಾಗಿ ಮಾತ್ರ ಮಾತಾಡುತ್ತಾರೆ, ಪ್ರಾಮಾಣಿಕವಾಗಿಯೇ. ಆದರೆ ಕಾಗದ ಪತ್ರದ ಖರ್ಚು ಯಾರ ತಲೆಗೆ ಅನ್ನೋದು ಚರ್ಚೆಗೆ ಬರೋದು ಕಮ್ಮಿ. ದೊಡ್ಡ ಎಸ್ಟೇಟಿಗೆ ಒಬ್ಬ ಗುಮಾಸ್ತ ಸಾಕು. ಸಣ್ಣವರ ಕಾಫಿ ನಾಲ್ಕು ಕೈ ದಾಟಿ ಬರೋದರಿಂದ ಯಾವ ಬೀಜ ಯಾವ ತೋಟದ್ದು ಅಂತ ಹೇಳೋದು ಕಷ್ಟ. ಕೊಳ್ಳುವವರು ಸುಮ್ನೆ ದೊಡ್ಡವರ ಕಡೆ ತಿರುಗಿಬಿಡಬಹುದು.

ಲೆಕ್ಕದ ಪುಸ್ತಕ:

ಈ ಕಾನೂನಿನ ವಿಷಯದಲ್ಲಿ ನನಗೂ ಗದ್ದೆಬಯಲು ಅವರಿಗೂ ಭೇದ ಇಲ್ಲ. ನಿಯಮ ಬರೆಯೋ ಮೇಜಿನಲ್ಲಿ ಬೆಳೆಯೋ ದೇಶದವರು ಇರಬೇಕಿತ್ತು. ಪೂರೈಕೆ-ಬೇಡಿಕೆಯನ್ನು ಬಿಟ್ಟು ರೇಟು ವಿವರಿಸಲು ಆಗೋದಿಲ್ಲ ಅನ್ನೋ ಮಾತಿಗೆ ಮಾತ್ರ ನಾನು ಅಂಟಿಕೊಂಡಿದ್ದೇನೆ. ಮುಂದಿನ ಸಲ 1989ರ ಮೊದಲಿನ ಮತ್ತು ನಂತರದ ಏರಿಳಿತದ ಲೆಕ್ಕವನ್ನೇ ಹಾಕಿ ತರುತ್ತೇನೆ. ಕೋಟಾ ಕಾಲದಲ್ಲಿ ನಿಜವಾಗಿ ಬೆಳೆಗಾರನ ಕೈಗೆ ಎಷ್ಟು ಬಂತು ಅನ್ನೋದೂ ಬೇಕು. ಅದು ಅಂತರರಾಷ್ಟ್ರೀಯ ರೇಟಿನ ಪಟ್ಟಿಯಲ್ಲಿ ಸಿಗೋದಿಲ್ಲ.

ಗದ್ದೆಬಯಲು:

ಅದು ಪೂಲ್ ಚೀಟಿಗಳಲ್ಲಿ ಸಿಗುತ್ತದೆ. ಯಾರ ಮನೆಯಲ್ಲಾದರೂ 1985ರಿಂದ 1996ರ ನಡುವಿನ ಪೂಲ್ ಪಾವತಿ ಚೀಟಿ, ಕ್ಯೂರಿಂಗ್ ವರ್ಕ್ಸ್‌ನ ರಸೀದಿ, ಏಜೆಂಟರ ಪಟ್ಟಿ ಇದ್ದರೆ ಫೋಟೋ ತೆಗೆದು ಹಾಕಿ. ಹೆಸರು, ಸರ್ವೆ ನಂಬರ್ ಮುಚ್ಚಿ. ಮುಂಗಡ ಎಷ್ಟು, ಎಷ್ಟು ಕಂತು, ಕೊನೇ ಕಂತಿನ ತಾರೀಖು ಯಾವುದು, ಇಷ್ಟು ಕಂಡರೆ ಸಾಕು.

ನೀಲಿ ಶಾಯಿ:

ಆಳುಗಳ ಬಟವಾಡೆ ಪುಸ್ತಕ ಇದ್ದರೆ ಅದನ್ನೂ ಹಾಕಿ. ರೇಟಿನ ಪಕ್ಕದಲ್ಲಿ ಅದೇ ವರ್ಷದ ದಿನಗೂಲಿ ಬರಲಿ, ಗಂಡಾಳು ಹೆಣ್ಣಾಳು ಬೇರೆ ಬೇರೆ.

ಸೋಮವಾರಪೇಟೆ ರೋಬಸ್ಟಾ:

ನಮ್ಮ ತೋಟದ ರೈಟರ್ (ಲೆಕ್ಕ ಬರೆಯೋರು) ಬರೆದಿಟ್ಟ ಹಳೇ ಪುಸ್ತಕಗಳು ಅಟ್ಟದ ಮೇಲಿವೆ. ಚೀಟಿಗಳೂ ಇರಬೇಕು. ಭಾನುವಾರ ಇಳಿಸಿ ನೋಡಿ, ಎರಡನ್ನೂ ಹಾಕುತ್ತೇನೆ.